ಜಪಾನಿನ ಟಿವಿಯೂ ನಮ್ಮೂರ ‘ಇಲ್ಲೆ’ಯೂ

ಶಿರಸಿಯ ನಮ್ಮ ಮನೆಗೆ ಬಂದವರು ಈಚೆಗೆ ಕುರ್ಚಿಯಲ್ಲಿ ಕೂರುವ ಮೊದಲು ಟಿವಿಯ ಎದುರು ನಿಂತು ತಲೆಗೂದಲು ಸರಿಮಾಡಿಕೊಳ್ಳುತ್ತಾರೆ. ಗೋಡೆಯ ಅರ್ಧ ಆವರಿಸಿರುವ ಆ ಕಪ್ಪು ಗಾಜಿನಲ್ಲಿ ಮುಖ ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ಒಳಗಿನ ನಿಲುಗನ್ನಡಿಗೆ ಈಗ ಕೆಲಸವೇ ಇಲ್ಲ. ದೂರದಲ್ಲಿದ್ದದ್ದನ್ನು ತೋರಿಸಬೇಕಾದ ದೂರದರ್ಶನ ನಮ್ಮಲ್ಲಿ ಎದುರಿಗಿದ್ದವರನ್ನೇ ತೋರಿಸುವ ಸಮೀಪದರ್ಶನವಾಗಿ ನೆಲೆಸಿದ ಕಥೆಯನ್ನು, ನೀವೂ ಒಮ್ಮೆ ಕೂದಲು ತೀಡಿಕೊಂಡು ಕೂತಿರಾದರೆ, ಹೇಳಿಬಿಡುತ್ತೇನೆ.

ಅದು ಜಪಾನಿನಲ್ಲಿ ಕೊಂಡ ಟಿವಿ. ನನ್ನ ತಂಗಿಯ ಗಂಡ, ಅಂದರೆ ನಮ್ಮ ಭಾವ, ಓಸಾಕಾದಲ್ಲಿ ಕೆಲವು ವರ್ಷ ಯೋಗ ಕಲಿಸಿ, ಅಲ್ಲಿನವರ ಬೆನ್ನುಗಳನ್ನೆಲ್ಲ ನೆಟ್ಟಗೆ ಮಾಡಿ, ಯಲ್ಲಾಪುರಕ್ಕೆ ಮರಳುವಾಗ ಸಾಮಾನಿನ ಜೊತೆ ಹಡಗಿನಲ್ಲಿ ತರಿಸಿದ್ದ. ಬಂದ ಮೇಲೆ ಅವನಿಗೆ ದೃಶ್ಯಪ್ರಪಂಚದಲ್ಲಿ ವೈರಾಗ್ಯ ಹುಟ್ಟಿತು; ಯೋಗಿಯ ವೈರಾಗ್ಯ ಭೋಗಿಯ ಭಾಗ್ಯವೆಂಬಂತೆ ಟಿವಿ ನಮ್ಮ ಮನೆ ಸೇರಿತು. ಅಲ್ಲಿನ ಮನೆಗಳ ಕರೆಂಟು ನಮ್ಮದರ ಅರ್ಧದಷ್ಟೂ ಇಲ್ಲವಂತೆ. ‘ಇದು ಮಿತಾಹಾರಿ ಭಾವಾ, ನಮ್ಮ ಕರೆಂಟು ತಡೀತಿಲ್ಲೆ’ ಎಂದು ಎಚ್ಚರಿಸಿದ ಅವನು, ಕರೆಂಟನ್ನು ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರನ್ನು ಮಾತ್ರ ಯಲ್ಲಾಪುರದಲ್ಲೇ ಮರೆತು ಬಂದಿದ್ದ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ತಂದು ಕೊಡುವುದೆಂದು ಮಾತಾಯಿತು.

ಆ ಭಾನುವಾರದ ಮೇಲೆ ನನ್ನ ಹೆಂಡತಿ ಸಾವಿತ್ರಿಯ ಭವಿಷ್ಯವೇ ನಿಂತಿತ್ತು. ಅವಳು ಹೆಂಗಸರ ತಾಳಮದ್ದಳೆ ತಂಡದಲ್ಲಿ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕೂತು ಪಾತ್ರದ ಪರವಾಗಿ ಮಾತಿನಲ್ಲೇ ಯುದ್ಧ ಮಾಡಬೇಕು. ವಜ್ರಳ್ಳಿಯ ಕೂಟದಲ್ಲಿ ಎದುರು ಕೂತ ಗೋದಕ್ಕ ಎಸೆದ ಪ್ರಶ್ನೆಯೊಂದಕ್ಕೆ ತನ್ನ ಬಾಯಿ ಕಟ್ಟಿತೆಂದು ಅವಳ ಖಚಿತ ನಂಬಿಕೆ. ಅಂದು ನಾನು ಸಭೆಯಲ್ಲೇ ಇದ್ದೆ. ನನಗೆ ಹಾಗೆ ಅನ್ನಿಸಿರಲಿಲ್ಲ. ಆದರೆ ಗಂಡನ ಸಾಕ್ಷಿ ಯಾವ ನ್ಯಾಯಾಲಯದಲ್ಲಿ ನಡೆಯುತ್ತದೆ? ಯಾರೋ ಚಿತ್ರೀಕರಿಸಿ ಕಳಿಸಿದ ವಿಡಿಯೋ ಮೊಬೈಲಿನಲ್ಲಿ ಹಾಗೇ ಬಿದ್ದಿತ್ತು. ಅದರಲ್ಲಿ ಮುಖ ಉಗುರಿನಷ್ಟು ಕಾಣುವುದರಿಂದ ಸೋಲಿನ ಗಾತ್ರ ತಿಳಿಯುವುದಿಲ್ಲವೆಂದು ಅವಳ ವಾದ. ‘ದೊಡ್ಡ ಟಿವಿಲಿ ನೋಡ್ತೆ. ಬಾಯಿ ಕಟ್ಟಿದ್ದು ಖರೆ ಆದ್ರೆ ಆನು ಇನ್ನು ಅರ್ಥಕ್ಕೆ ಕೂರ್ತ್ನಿಲ್ಲೆ’ ಎಂದವಳು, ತೀರ್ಪುಗಾರರಾಗಿ ತಂಡದವರನ್ನೆಲ್ಲ ಭಾನುವಾರ ಮಧ್ಯಾಹ್ನಕ್ಕೆ ಕರೆದೂಬಿಟ್ಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ತೆಂಗಿನಕಾಯಿ ತುರಿಯುತ್ತ ಅವಳು ರಾಜಮಹಾರಾಜರನ್ನು ತರಾಟೆಗೆ ತೆಗೆದುಕೊಳ್ಳುವ ದನಿ ಇಲ್ಲದ ಮನೆಯನ್ನು ಊಹಿಸಿಕೊಳ್ಳುವುದೇ ನನಗೆ ಕಷ್ಟ.

ಭಾನುವಾರ ಬೆಳಿಗ್ಗೆ ಟಿವಿಯನ್ನು ಗೋಡೆಗೇರಿಸಲು ಬಂದವನು ಬನವಾಸಿ ಕಡೆಯ ಬಸವರಾಜ. ಅಳೆದು, ಕೊರೆದು, ಮೊಳೆ ಜಡಿದು ಅಚ್ಚುಕಟ್ಟಾಗಿ ನೇತುಹಾಕಿದ. ಹಿಂಬದಿಯ ಅಕ್ಷರ ಓದಿ, ಅಡುಗೆಮನೆಯಲ್ಲಿ ಅವಲಕ್ಕಿ ಕಲೆಸುತ್ತಿದ್ದ ಸಾವಿತ್ರಿಯನ್ನು ಕೂಗಿ ಕೇಳಿದ: ‘ಅಕ್ಕಾರ, ಇದಕ್ಕ ಟ್ರಾನ್ಸ್‌ಫಾರ್ಮರ್ ಐತೇನ್ರಿ?’

‘ಇಲ್ಲೆ’ ಎಂದಳು ಸಾವಿತ್ರಿ.

ನಮ್ಮ ತೋಟದ ಸೀಮೆಯ ಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲ. ಬಸವರಾಜನ ಬಯಲುಸೀಮೆಯ ಕಿವಿಗೆ ಅದು ‘ಇಲ್ಲೇ ಇದೆ’. ಅವನು ಇಲ್ಲೇ ನೋಡಿದ. ಇಲ್ಲೇ, ಟಿವಿಯ ಕೆಳಗೆ, ನಮ್ಮ ಹಳೆಯ ಟಿವಿಯ ಸ್ಟೆಬಿಲೈಜರ್ ಡಬ್ಬಿ ಧೂಳು ಹೊದ್ದು ಕೂತಿತ್ತು. ಇವರ ಟ್ರಾನ್ಸ್‌ಫಾರ್ಮರ್ ಇದೇ ಎಂದು ನಂಬಿ ವೈರು ಸಿಕ್ಕಿಸಿದ. ನಾನು ಅದೇ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದೆ. ಅವನ ಕನ್ನಡವೂ ನನಗೆ ಅರ್ಥವಾಯಿತು, ಅವಳ ಕನ್ನಡವೂ ಅರ್ಥವಾಯಿತು. ಎರಡೂ ಪರಸ್ಪರ ಅರ್ಥವಾಗಿಲ್ಲವೆಂಬುದು ಮಾತ್ರ ಅರ್ಥವಾಗಲಿಲ್ಲ. ಕಾಲೇಜಿನಲ್ಲಿ ನಿವೃತ್ತಿಯವರೆಗೂ ಶ್ಲೇಷಾಲಂಕಾರದ ಪಾಠ ಹೇಳಿದವನ ಮೂಗಿನ ಕೆಳಗೇ ಜೀವಂತ ಶ್ಲೇಷವೊಂದು ಹಾದುಹೋಯಿತು, ನಾನು ಪುಟ ಮಗುಚಿದೆ.

‘ಟಪ್’ ಎಂದಿತು. ಸಣ್ಣ ಹೊಗೆ, ಸುಟ್ಟ ವಾಸನೆ. ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಬೇಡ ಬೇಡವೆಂದು ಕೈ ಅಡ್ಡ ಹಿಡಿದ ಅತಿಥಿಯ ಎಲೆಗೆ ಒತ್ತಾಯದ ಹೋಳಿಗೆ ಬೀಳುವುದುಂಟಲ್ಲ, ಆ ಮಿತಾಹಾರಿ ಜಪಾನಿಗೂ ಹಾಗೆಯೇ ಆಯಿತು. ಮೊದಲ ತುತ್ತಿಗೇ ಕಣ್ಣು ಮುಚ್ಚಿತು.

ಆಮೇಲೆ ನಡೆದದ್ದೇ ಕೂಟ. ಸಾವಿತ್ರಿ ಅವಲಕ್ಕಿಯ ಕೈಯಲ್ಲೇ ಹೊರಬಂದಳು. ತಾನು ಇಲ್ಲವೆಂದದ್ದನ್ನು ಇದೆಯೆಂದು ಗ್ರಹಿಸಿದ್ದು ಕಿವಿಯ ದೋಷವೇ ಹೊರತು ಬಾಯಿಯದಲ್ಲ ಎಂದು ಪೀಠಿಕೆ ಹಾಕಿದಳು. ಬಸವರಾಜನೂ ಬಿಡಲಿಲ್ಲ.

‘ಇಲ್ಲ ಅನ್ನಾಕ ಇಲ್ಲೆ ಅಂದ್ರ, ಇಲ್ಲೇ ಅನ್ನಾಕ ಏನಂತೀರಿ ಅಕ್ಕಾರ?’

‘ಅದಕ್ಕೂ ಇಲ್ಲೇ ಹೇಳೇ ಹೇಳ್ತ್ಯ. ಬಾಲ ಸ್ವಲ್ಪ ಉದ್ದ.’

‘ಆ ಬಾಲ ಅಳ್ಯಾಕ ಟೇಪ್ ಹಿಡೀಬೇಕಿತ್ತೇನ್ರಿ ನಾನು?’ ಎಂದು ಅವನು ಸೊಂಟದ ಟೇಪನ್ನೇ ಎತ್ತಿ ತೋರಿಸಿದ.

ಅವಳಿಗೆ ಅಷ್ಟು ಸಾಕಾಯಿತು. ಟೇಪು ಗೋಡೆಯನ್ನು ಅಳೆದೀತು, ಗೋಡೆಯೊಳಗಿನವರ ಮಾತನ್ನು ಅಳೆಯಲಾರದು ಎಂದಳು. ಸಂಶಯವಿದ್ದವನು ಮತ್ತೊಮ್ಮೆ ಕೇಳಬೇಕು, ಸಂಶಯವೇ ಇಲ್ಲದವನಿಗೆ ಮಾತ್ರ ಹೊಗೆ ಉತ್ತರ ಕೊಡುತ್ತದೆ ಎಂದಳು. ‘ಹೌದ್ರಿ, ಹೊಗಿ ಮಾತ್ರ ಎಲ್ಲಾರ್ಗೂ ತಿಳಿಯೂ ಕನ್ನಡದಾಗ ಹೇಳ್ತು’ ಎಂದು ಬಸವರಾಜ ನಕ್ಕುಬಿಟ್ಟ. ಅವಳೂ ನಕ್ಕಳು.

ಅಷ್ಟರಲ್ಲಿ ತಂಡದ ಹೆಂಗಸರು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತು ಕೇಳುತ್ತಿದ್ದರು. ಹಿಂದೆ ಟ್ರಾನ್ಸ್‌ಫಾರ್ಮರಿನ ಚೀಲ ಹೊತ್ತ ಭಾವ, ಸತ್ತವನ ಮನೆಗೆ ಔಷಧ ತಂದ ವೈದ್ಯನ ಮುಖ ಮಾಡಿಕೊಂಡು. ಗೋದಕ್ಕ ಒಳಬಂದು ಹೇಳಿದ್ದು ಇಷ್ಟೇ: ‘ಬಾಯಿ ಕಟ್ಟಿದ್ದು ನೋಡಲೆ ಬಾ ಹೇಳಿ ಕರದ್ಯಲೆ ಸಾವಿತ್ರಿ, ಎಲ್ಲಿದ್ದು ಕಟ್ಟಿದ ಬಾಯಿ?’

ಸಾವಿತ್ರಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸತ್ತ ಟಿವಿಯ ಕಡೆ ತಿರುಗಿದಳು. ಅದರಲ್ಲಿ ಅವಳ ಮುಖ, ಬಯಸಿದ್ದಷ್ಟೇ ದೊಡ್ಡದಾಗಿ, ಮಾತಿನ ಬಿಸಿಗೆ ಕೆಂಪಾಗಿ ಕಾಣುತ್ತಿತ್ತು. ಆ ಕ್ಷಣ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಟಿವಿ ಹೋದದ್ದಕ್ಕೆ ಇಷ್ಟು ಹಿಗ್ಗಿದ ಯಜಮಾನ ಈ ತಾಲೂಕಿನಲ್ಲಿ ಇನ್ನೊಬ್ಬ ಇರಲಾರ. ಎಲ್ಲರೂ ಅವಲಕ್ಕಿ ತಿಂದರು. ಬಸವರಾಜ ಎರಡು ಸಲ ಹಾಕಿಸಿಕೊಂಡ, ಒಳಗಿನ ಬೋರ್ಡು ಹುಬ್ಬಳ್ಳಿಯಲ್ಲಿ ಸಿಕ್ಕಿದರೆ ತಂದು ಹಾಕುವುದಾಗಿ ಹೇಳಿ ಹೋದ. ಇನ್ನೂ ಸಿಕ್ಕಿಲ್ಲ, ನಾವೂ ಅವಸರ ಮಾಡಿಲ್ಲ.

ಮೊನ್ನೆ ಮನ್ಮನೆಯ ಕೂಟಕ್ಕೆ ಹೊರಟ ಸಾವಿತ್ರಿ ಆ ಕಪ್ಪು ಗಾಜಿನ ಮುಂದೆ ನಿಂತು ಕುಂಕುಮ ತಿದ್ದಿಕೊಳ್ಳುತ್ತ, ಅಲ್ಲಿ ಕಾಣುವ ಎದುರಾಳಿಗೆ ಒಂದೆರಡು ಮಾತು ಎಸೆದು ನೋಡುತ್ತಿದ್ದಳು. ವಜ್ರಳ್ಳಿಯ ವಿಡಿಯೋವನ್ನು ಕೊನೆಗೂ ನೋಡಿದೆಯಾ ಎಂದು ಕೇಳಿದೆ.

‘ಇಲ್ಲೆ’ ಎಂದಳು, ಗಾಜಿನಿಂದ ಕಣ್ಣು ತೆಗೆಯದೆ.

ನೋಡಲಿಲ್ಲವೆಂದೋ, ಇಲ್ಲೇ ನೋಡುತ್ತಿದ್ದೇನೆಂದೋ? ಬಾಲದ ಉದ್ದ ಅಳೆಯಲು ನನ್ನ ಬಳಿ ಟೇಪಿರಲಿಲ್ಲ. ಅವಳು ಪಕ್ಕಕ್ಕೆ ಸರಿದ ಮೇಲೆ ಅದೇ ಗಾಜಿನಲ್ಲಿ ಉಳಿದಿರುವ ನಾಲ್ಕು ಕೂದಲನ್ನು ತೀಡಿಕೊಂಡು, ಬಾಗಿಲು ಹಾಕಿ, ಅವಳ ಹಿಂದೆ ಬಸ್ಸಿಗೆ ನಡೆದೆ.