ಫೋಟೋದಲ್ಲಿ ಬೇಲಿ ಇದೆ

ಕಳೆದ ಮಂಗಳವಾರ ಬೆಳಗ್ಗೆ ಹೊಸದುರ್ಗದಿಂದ ಶ್ರೀರಾಂಪುರದ ಕಡೆ ಹೋಗುವ ಬಸ್ಸಿನಲ್ಲಿ ಕೂತು, ಒಬ್ಬ ಮನುಷ್ಯ ಬದುಕಿರಲಪ್ಪ ಎಂದು ನೆನಪಿಗೆ ಬಂದ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ.

ಅವನ ಮೇಲಿನ ಕನಿಕರಕ್ಕಾ? ನನ್ನ ಹೆದರಿಕೆಗಾ? ಈಗಲೂ ಸರಿಯಾಗಿ ಹೇಳಲಾರೆ.

ಸ್ಕೂಲಿನಲ್ಲಿ ಎಂಟನೇ ಕ್ಲಾಸಿನ ಹಾಜರಿ ಕೂಗುತ್ತಿದ್ದೆ. ನಮ್ಮ ಹೊಲದ ಪಕ್ಕದ ಹೊಲದವರು ರುದ್ರೇಶ್, ಅವರ ಫೋನ್ ಬಂತು. "ಮೇಡಂ, ಕುರಿ ಕರಿಯಣ್ಣ ನಿಮ್ಮ ಹೊಂಡದಾಗೆ ಬಿದ್ದವ್ನೆ. ಜಲ್ದಿ ಬರ್ರಿ." ಅಷ್ಟೇ. ಕಟ್ ಆಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಹೆಡ್ ಮೇಷ್ಟ್ರಿಗೆ ಏನು ಹೇಳಿದೆನೋ, ಹೇಗೆ ಬಸ್ ಸ್ಟ್ಯಾಂಡಿಗೆ ಓಡಿದೆನೋ ನೆನಪಿಲ್ಲ. ಬಸ್ಸಿನಿಂದಲೇ ಮನೆಯವರಿಗೆ ಫೋನ್ ಮಾಡಿದೆ. ಅವರಿಗೆ ಹಿರಿಯೂರಿನಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ವಿಷಯ ಹೇಳಿದೆ. ಅವರು ಮೆಲ್ಲಗೆ ಕೇಳಿದರು, "ಬೇಲಿ ಇರಲಿಲ್ಲ ಅಂತ ಯಾರಿಗಾದ್ರೂ ಹೇಳಿದ್ಯಾ?"

ಆ ಮನುಷ್ಯ ಹೇಗಿದ್ದಾನೆ ಎಂದು ಕೇಳಲಿಲ್ಲ. ಸಿಟ್ಟು ನೆತ್ತಿಗೇರಬೇಕಿತ್ತು, ಏರಲಿಲ್ಲ. ನನ್ನ ತಲೆಯಲ್ಲೂ ಅದೇ ಪ್ರಶ್ನೆ ಕೊರೆಯುತ್ತಿತ್ತು.

ವಿಷಯ ಇಷ್ಟು. ಹೋದ ಬೇಸಿಗೆಯಲ್ಲಿ ಸರ್ಕಾರದ ಸ್ಕೀಮಿನಲ್ಲಿ ಹೊಲದಲ್ಲಿ ಕೃಷಿ ಹೊಂಡ ಮಾಡಿಸಿದೆವು. ಅದಕ್ಕೆ ರೂಲ್ಸ್ ಒಂದೇ ಎರಡೇ? ಪಹಣಿ ಕೊಡಿ, ಪಕ್ಕದವರ ಹದ್ದಿನಿಂದ ದೂರ ತೋಡಿ, ದಡ ಇಳಿಜಾರಾಗಿರಲಿ, ನೀರು ಇಂಗದ ಹಾಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಬೇಲಿ ಹಾಕಿ. ನಮ್ಮ ಜಮೀನು, ನಮ್ಮ ಗುಂಡಿ, ಇವರದೇನು ಕಿರಿಕಿರಿ ಎಂದು ರೇಗಿದವಳು ನಾನೇ. ರೇಗುತ್ತಲೇ ಒಂದೊಂದಾಗಿ ಎಲ್ಲ ಮಾಡಿದೆ. ಬೇಲಿ ಒಂದು ಬಿಟ್ಟು.

ಕಲ್ಲುಕಂಬ ತರುತ್ತೇನೆಂದವನು ನಾಳೆ ಬಾ, ನಾಡಿದ್ದು ಬಾ ಎಂದು ಆಟವಾಡಿಸಿದ. ಅಷ್ಟರಲ್ಲಿ ಕೊನೆಯ ಫೋಟೋ ತೆಗೆಯಲು ಕಚೇರಿಯವರು ಬರುವ ದಿನ ಬಂತು. ಫೋಟೋದಲ್ಲಿ ಬೇಲಿ ಕಾಣದಿದ್ದರೆ ಸಬ್ಸಿಡಿಯ ಫೈಲು ಮುಂದಕ್ಕೆ ಹೋಗುವುದಿಲ್ಲ. ಏನು ಮಾಡೋದು?

ಆಗ ಕಣ್ಣಿಗೆ ಬಿದ್ದದ್ದು ಕರಿಯಣ್ಣನ ಬಲೆ. ಅವನು ಕುರಿ ಮೇಯಿಸುವವನು, ನಮ್ಮ ಮಾವನ ಕಾಲದಿಂದಲೂ ಬೆಳೆ ಇಲ್ಲದ ದಿನಗಳಲ್ಲಿ ನಮ್ಮ ಹೊಲದಲ್ಲಿ ಮಂದೆ ಹಾಕುತ್ತಾನೆ. ರಾತ್ರಿ ಕುರಿಗಳು ಹೊಲದಲ್ಲಿ ಮಲಗಿದರೆ ನಮಗೆ ಗೊಬ್ಬರ, ಅವನ ಮನೆಗೆ ನಮ್ಮಿಂದ ರಾಗಿ. ಕುರಿ ಚದುರದಂತೆ ಸುತ್ತ ಗೂಟ ನೆಟ್ಟು ಬಲೆ ಕಟ್ಟುತ್ತಾನೆ. ಹಗಲು ಕುರಿ ಮೇಯಲು ಹೋದರೆ ಬಲೆಗೆ ಕೆಲಸವಿಲ್ಲ.

ಕೇಳಿದ್ದೇ ತಡ, ಗೂಟ ಬಲೆ ಎಲ್ಲ ತಂದು ಹೊಂಡದ ಸುತ್ತ ಅವನೇ ಕಟ್ಟಿಕೊಟ್ಟ. ಫೋಟೋ ಚೆನ್ನಾಗಿ ಬಂತು, ನನ್ನ ಫೋನಿನಲ್ಲೂ ಒಂದು ತೆಗೆದುಕೊಂಡೆ. ಸಂಜೆ ಬಲೆ ಬಿಚ್ಚಿಕೊಂಡು ಹೋಗಿ ಕುರಿಗಳ ಸುತ್ತ ಕಟ್ಟಿದ. (ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ದಿನಾ ಹೇಳುವವಳು ನಾನು. ನಗಬೇಡಿ.)

ಆಮೇಲಾದರೂ ಕಂಬ ನೆಡಿಸಬಹುದಿತ್ತಲ್ಲ? ನೆಡಿಸಬಹುದಿತ್ತು. ಆದರೆ ಫೈಲು ಮುಂದಕ್ಕೆ ಹೋದ ಮೇಲೆ ಬೇಲಿಯ ನೆನಪು ಯಾರಿಗಿರುತ್ತದೆ ಹೇಳಿ? ಮಳೆ ಬಂತು, ಹೊಂಡ ತುಂಬಿತು, ನಾನು ಅದರ ಮುಂದೆ ನಿಂತು ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಎಷ್ಟೊಂದು ಜನ ಹಾರ್ಟ್ ಕಳಿಸಿದರು. ಬೇಲಿ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಬಸ್ಸು ಆವತ್ತು ಕೈ ತೋರಿಸಿದಲ್ಲೆಲ್ಲ ನಿಂತಿತು. ಪ್ಲಾಸ್ಟಿಕ್ ಹಾಸಿದ ಹೊಂಡ ಹೇಗಿರುತ್ತದೆ ಗೊತ್ತಲ್ಲ? ಪಾಚಿ ಕಟ್ಟಿದರೆ ಈಜು ಬರುವವನೂ ಹತ್ತಿ ಬರಲಾರ. ಕೈ ಊರಿದರೆ ಜಾರುತ್ತದೆ, ಕಾಲು ಊರಿದರೆ ಜಾರುತ್ತದೆ. ಕರಿಯಣ್ಣನಿಗೆ ಈಜೂ ಬರುವುದಿಲ್ಲ. ಪೊಲೀಸರು ಬಂದರೆ? ಅವನ ಹೆಂಡತಿ ಗಂಗಕ್ಕ ಎದುರಿಗೆ ನಿಂತರೆ? ಫೋನಿನಲ್ಲಿದ್ದ ಆ ಬೇಲಿಯ ಫೋಟೋ ತೆಗೆದು ನೋಡಿದೆ. ಯಾರಾದರೂ ಕೇಳಿದರೆ ಇದನ್ನೇ ತೋರಿಸೋಣ ಎಂಬ ಯೋಚನೆ ಒಂದು ಗಳಿಗೆ ಬಂದುಹೋಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಸ್ಟಾಪಿನಲ್ಲಿ ಇಳಿದು ಬದುವಿನ ಮೇಲೆ ಓಡಿದೆ. ಹೊಂಡದ ದಡದಲ್ಲಿ ನಾಲ್ಕು ಜನ ನಿಂತಿದ್ದರು. ನಡುವೆ ಕಂಬಳಿ ಹೊದ್ದು ಒಬ್ಬ ಕೂತಿದ್ದ. ಕೂತಿದ್ದ! ನಾನೂ ಅಲ್ಲೇ ಕೂತೆ.

ಆದದ್ದನ್ನು ರುದ್ರೇಶ್ ಹೇಳಿದರು. ನೀರಿನ ಆಸೆಗೆ ಒಂದು ಕುರಿ ಇಳಿದು ಜಾರಿದೆ. ಅದನ್ನು ಹಿಡಿಯಲು ಬಗ್ಗಿ ಕರಿಯಣ್ಣನೂ ಜಾರಿದ್ದಾನೆ. ಎಷ್ಟು ಹೊತ್ತು ಒದ್ದಾಡಿದನೋ. ಕೊನೆಗೆ ಸೊಂಟದಲ್ಲಿದ್ದ ಸೊಪ್ಪು ಕೊಯ್ಯುವ ಕುಡುಗೋಲು ಕೈಗೆ ಸಿಕ್ಕಿದೆ. ಅದನ್ನು ಹಾಳೆಗೆ ಚುಚ್ಚಿ ಮಣ್ಣಿಗೆ ನೆಟ್ಟು, ಅದರ ಹಿಡಿಗೆ ಜೋತುಬಿದ್ದು ಕೂಗಿದ್ದಾನೆ. ನನಗೆ ಫೋನ್ ಮಾಡುತ್ತಲೇ ಓಡಿಬಂದ ರುದ್ರೇಶ್ ಹಗ್ಗ ಎಸೆದು, ತಾವೂ ಅರ್ಧ ನೀರಿಗಿಳಿದು ಎಳೆದುಕೊಂಡಿದ್ದಾರೆ. ಅವರ ಫೋನ್ ಕೆಟ್ಟದ್ದು ಆಗಲೇ. ಕುರಿ ಉಳಿಯಲಿಲ್ಲ.

ನನ್ನನ್ನು ಕಂಡದ್ದೇ ಕರಿಯಣ್ಣ ಏಳಲು ಹೋದ. ಬೇಡವೆಂದೆ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಬೈಯುತ್ತಾನೆ, ಬೈಯಲಿ, ಬೈದರೆ ನನಗೂ ಹಗುರಾಗುತ್ತದೆ ಎಂದು ಕಾದೆ.

"ಮೇಡಮ್ಮಾರೆ, ನಿಮ್ಮ ಹಾಳೆ ಹರಿದೋತು," ಅಂದ. "ಮೊದ್ಲೇ ಚುಚ್ಚಬೌದಿತ್ತು. ಇನ್ನೊಬ್ಬರ ಮಾಲು, ಹೆಂಗೆ ಕೊಯ್ಯಾದು ಅಂತ ಬಾಳೊತ್ತು ಸುಮ್ಕಿದ್ದೆ."

ಉಸಿರು ಹೋಗುತ್ತಿರುವಾಗಲೂ ನನ್ನ ಪ್ಲಾಸ್ಟಿಕ್ಕಿನ ಚಿಂತೆ ಮಾಡಿದವನ ಮುಂದೆ, ಬಸ್ಸಿನಲ್ಲಿ ಫೋಟೋ ಹುಡುಕಿದವಳು ಏನು ಮಾತಾಡಬೇಕು? ತಪ್ಪು ನನ್ನದು ಅಂದೆ. ಅವನಿಗೆ ಅರ್ಥವಾಗಲಿಲ್ಲ. ಬಲೆ ಬಿಚ್ಚಿಕೊಂಡು ಹೋದವನು ತಾನೇ ಅಲ್ಲವೇ ಎಂದು ಅವನ ಲೆಕ್ಕ. ಪಕ್ಕದಲ್ಲೇ ನಿಂತಿದ್ದ ಗಂಗಕ್ಕನಿಗೆ ಮಾತ್ರ ಅರ್ಥವಾಗಿತ್ತು. ಆಕೆ ನನ್ನ ಕಡೆ ತಿರುಗಿ ನೋಡಲಿಲ್ಲ.

ನಾವೆಲ್ಲ ಹೀಗೇಕೆ? ಚಿತ್ರದುರ್ಗದ ರಸ್ತೆಯಲ್ಲಿ ಪೊಲೀಸ್ ಕಂಡ ಮೇಲೆ ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನಿಂದ ತಲೆಗೆ ಏರುತ್ತದೆ. ನಮ್ಮ ಸ್ಕೂಲಿನ ಬೆಂಕಿ ಆರಿಸುವ ಸಿಲಿಂಡರ್ ತಪಾಸಣೆಯ ದಿನ ಪಕ್ಕದ ಸ್ಕೂಲಿನಿಂದ ಬರುತ್ತದೆ, ಅವರ ತಪಾಸಣೆಯ ದಿನ ಅಲ್ಲಿಗೆ ಹೋಗುತ್ತದೆ. (ಯಾವ ಸ್ಕೂಲು ಎಂದು ಕೇಳಬೇಡಿ, ನನಗೆ ಇನ್ನೂ ಸರ್ವಿಸ್ ಇದೆ.) ರೂಲ್ಸ್ ಮಾಡಿದವರನ್ನು ಬೈಯುವುದು ಸುಲಭ, ಪ್ರತಿ ವಾರ ಈ ಅಂಕಣದಲ್ಲೇ ಕೂತು ಬೈದಿದ್ದೇನೆ. ಆದರೆ ನಮ್ಮ ಹೊಂಡಕ್ಕೆ ಬೇಲಿ ಬೇಕೆಂದು ಹೇಳಿದ್ದು ಆ ರೂಲ್ಸಿನ ಕಾಗದ ಒಂದೇ. ಅದು ಕಚೇರಿಯವರಿಗಾಗಿ ಬರೆದದ್ದು ಎಂದುಕೊಂಡವಳು ನಾನು.

ಭಾನುವಾರ ನಾನೂ ಮನೆಯವರೂ ನಿಂತು ಕಲ್ಲುಕಂಬ ನೆಡಿಸಿ ತಂತಿ ಬಲೆ ಕಟ್ಟಿಸಿದೆವು. ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಗಾಳಿ ತುಂಬಿದ ಟ್ಯೂಬನ್ನೂ ಕಟ್ಟಿದೆವು.

ಮಧ್ಯಾಹ್ನ ಕರಿಯಣ್ಣ ಬಂದ. ಇನ್ನೂ ಕೆಮ್ಮುತ್ತಿದ್ದ. ಕಂಬ ಅಲುಗಿಸಿ ನೋಡಿದ, ತಂತಿ ಜಗ್ಗಿ ನೋಡಿದ, ಹೊಂಡವನ್ನು ಒಂದು ಸುತ್ತು ಬಂದ. ಆಮೇಲೆ ನನ್ನ ಹತ್ತಿರ ನಿಂತು ಕೇಳಿದ.

"ಯಾಕ್ರಿ ಮೇಡಮ್ಮಾರೆ, ತಿರುಗಾ ಫೋಟೋ ತೆಗೆಯಾಕೆ ಬತ್ತಾರಾ?"