ನರ್ಸಬಾಯಿಯ ಒಂದೇ ಪ್ರಶ್ನೆ

ಸ್ಕೂಟರಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡು ನಾನು ಬೈರಿದೇವರಕೊಪ್ಪದ ಮನೆಯಲ್ಲಿದ್ದಾಗ, ಗಾಯಕ್ಕೆ ಪಟ್ಟಿ ಕಟ್ಟಲು ಬರುತ್ತಿದ್ದ ನರ್ಸಬಾಯಿ ಪ್ರತಿ ತಿಂಗಳೂ ಬಾಗಿಲು ಮುಚ್ಚಿ ಕೇಳುತ್ತಿದ್ದರು: “ಈ ತಿಂಗಳ ಮುಟ್ಟಾದ್ರೇನ್ರಿ?”

ಮುರಿದದ್ದು ಎಲುಬು, ಮುಟ್ಟಿನ ಉಸಾಬರಿ ಇವರಿಗೇಕೆ? ಆಮೇಲೆ ಅಡುಗೆಮನೆಯಲ್ಲಿ ಅತ್ತೆಯೊಂದಿಗೆ ಚಹಾ, ಪಿಸುಮಾತು. ಇವಳಿಗೆ ಇನ್ನು ಮಕ್ಕಳಾಗುತ್ತವೋ ಇಲ್ಲವೋ ಎಂದು ಅತ್ತೆಯೇ ಕೇಳಿಸುತ್ತಿದ್ದಾರೆಂದು ನನಗೆ ಖಾತ್ರಿಯಾಯಿತು. ಬಿದ್ದಾಗಿನಿಂದ ಮುಟ್ಟು ನಿಂತೇ ಹೋಗಿದ್ದರೂ “ಹೂಂ, ಆಗೇನ್ರಿ” ಎಂದುಬಿಡುತ್ತಿದ್ದೆ. ಅವರು ಗಾಯ ನೋಡುವಂತೆಯೇ ನನ್ನ ಮುಖವನ್ನೂ ನೋಡುತ್ತಿದ್ದರು.

ನಾಲ್ಕನೇ ತಿಂಗಳು, ಪಟ್ಟಿ ಬಿಚ್ಚುವಾಗ ನನ್ನ ನೈಟಿಯ ಮೇಲೆ ಕಲೆ ಕಂಡು ಅವರ ಮುಖ ಅರಳಿತು.

“ಇದನ್ನs ಕಾಯಾಕತ್ತಿದ್ದೆ ನೋಡ್ರಿ! ದೊಡ್ಡ ಪೆಟ್ಟು ಬಿದ್ರ ಮೈಯಾಗಿನ ಹಾರ್ಮೋನು ಕಡಿಮಿ ಆಗಿ ಮುಟ್ಟು ನಿಲ್ಲತೈತಿ. ತಿರುಗಿ ಬಂತಂದ್ರ ಮೈ ಸುಧಾರಸಾಕತ್ತೈತಿ. ಎಲುಬು ಕೂಡಾಕೂ ಆ ಹಾರ್ಮೋನು ಬೇಕ್ರಿ.”

“ಹಂಗಾರ ನಾ ಹೇಳಿದ್ದು…”

“ಸುಳ್ಳಂತ ನಿಮ್ಮ ಮಾರೀನs ಹೇಳತಿತ್ತು. ಡಾಕ್ಟರಿಗೆ ಖರೇನs ಹೇಳೇನಿ.”

ಅವರು ಅಡುಗೆಮನೆಗೆ ಹೋದೊಡನೆ ನಾನು ವಾಕರ್ ಹಿಡಿದು ಸದ್ದಿಲ್ಲದೆ ಅದರ ಬಾಗಿಲ ತನಕ ಹೋದೆ. ಮೊದಲ ಸಲ ನರ್ಸಬಾಯಿಯ ಪಿಸುಮಾತು ಪೂರ್ತಿ ಕೇಳಿಸಿತು:

“ಚಾಕ್ಕ ಇವತ್ತೂ ಸಕ್ಕರಿ ಬ್ಯಾಡ್ರಿ, ನನಗ ಶುಗರ್ ಐತಲ್ರಿ. ಮೆಲ್ಲಕ ಮಾತಾಡ್ರಿ, ಪೇಷಂಟಿಗೆ ಗೊತ್ತಾಗಬಾರದು.”