ಊಟದ ಹೊತ್ತಿನಲ್ಲಿ ಕೂಲರ್ ಉಜ್ಜಿದ್ದು

ಗೆಳೆಯರೇ, ಇವತ್ತು ಬಾಯಿ ಬಿಟ್ಟು ಕೆಟ್ಟೆ. ಹೆಗ್ಗನಹಳ್ಳಿಯ ನಮ್ಮ ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಮೆಷಿನ್ನಿನ ಎಣ್ಣೆಯನ್ನು ತಣ್ಣಗಿಡುವ ಕೂಲರ್ ಇದೆ. ಬೋರ್‌ವೆಲ್ ನೀರಿನ ಸುಣ್ಣ ಅದರ ಪೈಪುಗಳಲ್ಲಿ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಉಜ್ಜಬೇಕೆಂಬುದು ಫ್ಯಾಕ್ಟರಿಯ ನಿಯಮ.

ಸೂಪರ್‌ವೈಸರ್ ಎಣ್ಣೆಯ ಬಿಸಿ ಬರೆದಿಡುವ ಪಟ್ಟಿ ನೋಡಿ, "ಎಣ್ಣೆ ಬಿಸಿನೇ ಏರಿಲ್ವಲ್ಲ! ಇನ್ಮೇಲೆ ಆರು ತಿಂಗ್ಳಿಗೊಂದ್ಸಲ ಉಜ್ಜಿದ್ರೆ ಸಾಕು" ಎಂದರು.

ನಾನು ಮೆಲ್ಲಗೆ, "ಸಾರ್, ಪ್ರತಿ ಶನಿವಾರ ಊಟಕ್ಕೆ ಮೆಷಿನ್ ನಿಲ್ಸಿದಾಗ ನಾನೇ ಉಜ್ತಾ ಇದೀನಿ. ಅದಕ್ಕೇ ಏರಿಲ್ಲ" ಎಂದೆ.

"ಯಾರಪ್ಪಾ ಹೇಳಿದ್ದು ನಿಂಗೆ?"

"ಯಾರೂ ಇಲ್ಲ ಸಾರ್. ತಿಂಗ್ಳು ಪೂರ್ತಿ ಬಿಟ್ರೆ ಸುಣ್ಣ ಕಟ್ಟಿ ಮೆಷಿನ್ ಕೆಟ್ಟೋಗತ್ತೆ."

ಅವರು ಯೋಚಿಸಿ, ಕೆಲಸದ ಹೊಸ ಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಪ್ರತಿ ಶನಿವಾರ ಒಂದು ಗಂಟೆಗೆ ಕೂಲರ್ ಉಜ್ಜುವುದು, ಎದುರಿಗೆ ನನ್ನ ಹೆಸರು.

ನಾನು ಊಟ ಯಾವಾಗ ಮಾಡಲಿ ಎಂದು ಕೇಳುವಷ್ಟು ಧೈರ್ಯ ಇವತ್ತಿಗೆ ಉಳಿದಿರಲಿಲ್ಲ.